ಮನೆ ಪ್ರತಿಷ್ಠೆಯಲ್ಲಿ ಓದಿದ ಮಾತು ಮನೆಯೊಳಗೂ ನಡೆಯಲಿ

ಮಾನ್ಯ ಸಂಪಾದಕರೇ,

ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಕ್ರೈಸ್ತರು ಹೊಸ ಮನೆ ಕಟ್ಟಿಸಿದಾಗ ಮನೆ ಪ್ರತಿಷ್ಠೆಯ ಆರಾಧನೆ ಇಟ್ಟುಕೊಳ್ಳುತ್ತಾರೆ. ಆ ದಿನ ಹೆಚ್ಚಾಗಿ ಓದುವುದು ಎರಡು ಭಾಗ: ಯೆಹೋವನು ಮನೆ ಕಟ್ಟದಿದ್ದರೆ ಕಟ್ಟುವವರ ದುಡಿಮೆ ವ್ಯರ್ಥ ಎನ್ನುವ 127ನೇ ಕೀರ್ತನೆ, ಮತ್ತು ಬಂಡೆಯ ಮೇಲೆ ಮನೆ ಕಟ್ಟಿದವನ ಮತ್ತು ಮರಳಿನ ಮೇಲೆ ಕಟ್ಟಿದವನ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ, ಇರುವ ಮತ್ತಾಯನ ಸುವಾರ್ತೆಯ 7ನೇ ಅಧ್ಯಾಯದ ಕೊನೆ. ಮಳೆ ಬಂದಾಗ ಮೊದಲನೆಯ ಮನೆ ನಿಲ್ಲುತ್ತದೆ, ಎರಡನೆಯದು ಬೀಳುತ್ತದೆ. ಊಟವಾಗುತ್ತದೆ, ಬಾಗಿಲ ಮೇಲೆ ವಾಕ್ಯದ ಫಲಕ ಏರುತ್ತದೆ. ಆ ವಾಕ್ಯ ಮರುದಿನದಿಂದ ಮನೆಯ ಗಡಿಯಾರದಲ್ಲಿ, ಲೆಕ್ಕದ ಪುಸ್ತಕದಲ್ಲಿ, ಅಡುಗೆಮನೆಯಲ್ಲಿ ಹೇಗೆ ನಡೆಯಬೇಕೆಂದು ಹೇಳಿಕೊಡುವವರು ಕಡಿಮೆ. ಸಭೆಗಳಲ್ಲಿ ಮಕ್ಕಳಿಗೂ ಹೊಸದಾಗಿ ಮದುವೆಯಾದವರಿಗೂ ಇದನ್ನೇ ಕಲಿಸುತ್ತಿರುವ ನಾವು, ಕನ್ನಡ ಓದುವ ಕ್ರೈಸ್ತ ಕುಟುಂಬಗಳಿಗೆ ಉಪಯೋಗವಾಗಲೆಂದು ಈ ಪತ್ರ ಬರೆಯುತ್ತಿದ್ದೇವೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪ್ರಕಟಿಸಿ.

ಆ ಸಾಮ್ಯವನ್ನು ಎರೆಭೂಮಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಮೇಲೆಯೇ ಎರಡಡಿ ತೋಡಿ ಗೋಡೆ ಎಬ್ಬಿಸಿದರೆ ಕೆಲವೇ ಮಳೆಗಾಲದಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತದೆ. ಅದಕ್ಕೇ ನಮ್ಮ ಗೌಂಡಿಗಳು ಗರಸು ಸಿಗುವ ತನಕ ಅಗೆಯಿರಿ ಎನ್ನುತ್ತಾರೆ. ಲೂಕನು ಇದೇ ಸಾಮ್ಯವನ್ನು ಬರೆಯುವಾಗ (6:48) ಆ ಮನುಷ್ಯ ಆಳವಾಗಿ ಅಗೆದು ಬಂಡೆಯ ಮೇಲೆ ಅಸ್ತಿವಾರ ಹಾಕಿದನೆಂದು ಸೇರಿಸುತ್ತಾನೆ. ಯೇಸು ಓಡಾಡಿದ ಗಲಿಲಾಯ ಸೀಮೆಯಲ್ಲಿ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗಿ ಕಾಣುವ ಹಳ್ಳದ ಪಾತ್ರಗಳು ಚಳಿಗಾಲದ ಮಳೆಗೆ ಒಮ್ಮೆಲೇ ತುಂಬಿ ಹರಿಯುತ್ತವೆ. ಹೊರಗಿನಿಂದ ನೋಡಿದರೆ ಎರಡು ಮನೆಗಳಿಗೂ ವ್ಯತ್ಯಾಸವಿಲ್ಲ. ಬಿದ್ದ ಮಳೆಯೂ ಒಂದೇ. ಓದುವಾಗ ನಾವು ದಾಟಿಹೋಗುವ ಸಂಗತಿಯೆಂದರೆ, ಆ ಇಬ್ಬರೂ ಯೇಸುವಿನ ಮಾತನ್ನು ಕೇಳಿದವರೇ. ಒಬ್ಬ ಕೇಳಿದಂತೆ ನಡೆದ, ಇನ್ನೊಬ್ಬ ನಡೆಯಲಿಲ್ಲ. ಆದ್ದರಿಂದ ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವ ಮನೆಗೆ ಪಾಯ ಗಟ್ಟಿಯಾಗಿದೆ ಎಂದು ಅಷ್ಟರಿಂದಲೇ ಹೇಳಲಾಗದು.

ಮೊದಲು ಕುಟುಂಬ ಪ್ರಾರ್ಥನೆಯ ವಿಷಯ. ಬಹಳ ಮನೆಗಳಲ್ಲಿ ಇದು ನಿಂತುಹೋಗಿದೆ. ಭಕ್ತಿ ಕಡಿಮೆಯಾಯಿತು ಎಂದು ಹಿರಿಯರು ಬೈಯುತ್ತಾರೆ. ನಾವು ಕಂಡಂತೆ ಕಾರಣಗಳು ಇನ್ನೂ ಸಣ್ಣವು. ಪ್ರಾರ್ಥನೆಯನ್ನು ಊಟದ ನಂತರಕ್ಕೆ ಇಟ್ಟುಕೊಂಡರೆ ಒಂಬತ್ತೂವರೆ ದಾಟುತ್ತದೆ, ಚಿಕ್ಕವರು ತೂಕಡಿಸುತ್ತಾರೆ, ಅಮ್ಮನಿಗೆ ಇನ್ನೂ ಪಾತ್ರೆ ಬಾಕಿ. ಅಪ್ಪ ಓದಿದ ಭಾಗಕ್ಕೆ ಪ್ರಸಂಗ ಆರಂಭಿಸುತ್ತಾರೆ, ಅದರೊಳಗೆ ಮಗನ ಮಾರ್ಕ್ಸ್, ಮಗಳ ಫೋನು ಎಲ್ಲ ಸೇರಿಕೊಳ್ಳುತ್ತವೆ. ದೇವರಿಗೆ ಹೇಳುವ ನೆಪದಲ್ಲಿ ತನಗೆ ಬೈಯುತ್ತಿದ್ದಾರೆಂದು ಮಗುವಿಗೆ ಗೊತ್ತಾದ ದಿನ ಆ ಮಗು ಮನಸ್ಸಿನಲ್ಲಿ ಎದ್ದು ಹೋಗಿರುತ್ತದೆ. ತಂದೆಗಳೇ, ನಿಮ್ಮ ಮಕ್ಕಳಿಗೆ ಕೋಪ ಎಬ್ಬಿಸಬೇಡಿ ಎಂದು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿರುವುದು (6:4) ಪ್ರಾರ್ಥನೆಯ ಹೊತ್ತಿಗೂ ಸಲ್ಲುತ್ತದೆ.

ಊಟಕ್ಕೆ ಮುಂಚೆ, ಎಲ್ಲರೂ ಕೈಕಾಲು ತೊಳೆದು ಕೂರುವ ಹೊತ್ತಿಗೆ 15 ನಿಮಿಷ ಸಾಕು. ಎರಡು ಚರಣದ ಒಂದು ಹಾಡು, ಮೂರು ನಿಮಿಷ. ಹತ್ತರಿಂದ ಹದಿನೈದು ವಚನ ಓದುವುದು, ನಾಲ್ಕು ನಿಮಿಷ. ಓದುವವರು ಸರದಿಯಂತೆ ಬದಲಾಗಲಿ, ಅಜ್ಜಿಗೆ ಓದಲು ಬಾರದಿದ್ದರೆ ಬಾಯಿಪಾಠದ ವಾಕ್ಯ ಹೇಳಲಿ. ಆಮೇಲೆ ಒಂದೇ ಪ್ರಶ್ನೆ: ಇದರಲ್ಲಿ ನಾಳೆ ನಾವು ಮಾಡಬೇಕಾದದ್ದೇನು? ಉತ್ತರ ಹೊಳೆಯದಿದ್ದರೆ ಸುಮ್ಮನೆ ಮುಂದೆ ಹೋಗಿ, ಎಳೆಯಬೇಡಿ. ನಂತರ ಪ್ರತಿಯೊಬ್ಬರೂ ಒಂದೊಂದು ವಾಕ್ಯದಲ್ಲಿ ಒಂದು ಸ್ತೋತ್ರ, ಒಂದು ವಿಜ್ಞಾಪನೆ. ಕೊನೆಗೆ ಎಲ್ಲರೂ ಕೂಡಿ ಕರ್ತನ ಪ್ರಾರ್ಥನೆ. ಮಗು ‘ನಮ್ಮ ನಾಯಿಗೆ ಕಾಲು ನೋವು ಹೋಗಲಿ’ ಎಂದರೆ ನಗಬೇಡಿ, ಆಮೆನ್ ಎನ್ನಿ. ಬಹಳ ಮಾತಾಡಿದರೆ ದೇವರು ಕೇಳುತ್ತಾನೆಂದು ನೆನಸಬೇಡಿ ಎಂದು ಯೇಸುವೇ ಹೇಳಿ, ಆಮೇಲೆ ಆ ಚಿಕ್ಕ ಪ್ರಾರ್ಥನೆಯನ್ನು ಕಲಿಸಿದ್ದು (ಮತ್ತಾಯ 6:7-13).

ಓದುವ ಕ್ರಮದಲ್ಲಿಯೂ ಎಡವುತ್ತಾರೆ. ಜನವರಿ 1ಕ್ಕೆ ಆದಿಕಾಂಡದಿಂದ ಆರಂಭಿಸಿದವರು ವಿಮೋಚನಕಾಂಡದ ಅರ್ಧದವರೆಗೆ ಉತ್ಸಾಹದಿಂದ ಬಂದು, ಆರಾಧನೆಯ ಗುಡಾರದ ಅಳತೆಗಳಲ್ಲಿ ನಿಧಾನವಾಗಿ, ಯಾಜಕಕಾಂಡದಲ್ಲಿ ನಿಂತುಬಿಡುತ್ತಾರೆ. ಹೊಸದಾಗಿ ಆರಂಭಿಸುವ ಮನೆ ಮಾರ್ಕನ ಸುವಾರ್ತೆ ಹಿಡಿಯಲಿ. 16 ಅಧ್ಯಾಯ, ದಿನಕ್ಕೆ 15 ವಚನದಂತೆ ಸುಮಾರು ಒಂದೂವರೆ ತಿಂಗಳಿಗೆ ಮುಗಿಯುತ್ತದೆ. ಆಮೇಲೆ ನಾಲ್ಕೇ ಅಧ್ಯಾಯದ ರೂತಳ ಕಥೆ, ಐದು ಅಧ್ಯಾಯದ ಯಾಕೋಬನ ಪತ್ರಿಕೆ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿರುವುದರಿಂದ ತಾರೀಖು ನೋಡಿ ಆ ದಿನದ ಅಧ್ಯಾಯದಿಂದ ನಾಲ್ಕು ವಚನ ಓದುವ ರೂಢಿ ಬೆಳಿಗ್ಗೆ ಬಸ್ಸಿಗೆ ಓಡುವವರಿಗೂ ಹೊಂದುತ್ತದೆ. ಹೊಸ ಒಡಂಬಡಿಕೆಯಲ್ಲಿ ಒಟ್ಟು 260 ಅಧ್ಯಾಯ. ವಾರಕ್ಕೆ ಐದು ದಿನ ಒಂದೊಂದು ಓದಿದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ, ಶನಿವಾರ ಭಾನುವಾರ ಬಿಡುವು. ಪೂರ್ತಿ ಬೈಬಲ್ ಒಂದು ವರ್ಷದಲ್ಲಿ ಓದಬೇಕೆನ್ನುವವರಿಗೆ, 66 ಪುಸ್ತಕಗಳ 1,189 ಅಧ್ಯಾಯಕ್ಕೆ, ದಿನಕ್ಕೆ ಮೂರು, ಭಾನುವಾರ ಐದು ಎಂಬ ಲೆಕ್ಕ ಹಿಡಿದರೆ ಸಾಕಾಗುತ್ತದೆ. ಆದರೆ ಅದು ಒಬ್ಬರೇ ಕೂತು ಓದುವವರಿಗೆ. ಮಕ್ಕಳಿರುವ ಮನೆಯ ಸಂಜೆಗೆ ಅದನ್ನು ಹೇರಬಾರದು. ನಾಲ್ಕು ದಿನ ತಪ್ಪಿದರೆ ಆ ನಾಲ್ಕು ದಿನದ್ದನ್ನೂ ಸೇರಿಸಿ ಓದಲು ಹೋಗಬೇಡಿ. ಸಾಲ ತೀರಿಸುವಂತೆ ಓದಲು ಹೊರಟವರು ಎರಡನೇ ವಾರಕ್ಕೆ ಕೈಬಿಡುತ್ತಾರೆ. ಇವತ್ತಿನದನ್ನು ಇವತ್ತು ಓದಿ.

ಇಂಗ್ಲಿಷ್ ಮಾಧ್ಯಮದ ಮಕ್ಕಳು ಕನ್ನಡ ಬೈಬಲ್ ಓದಲು ಹಿಂಜರಿಯುತ್ತಾರೆಂಬುದು ಎಲ್ಲ ಸಭೆಗಳ ಅಳಲು. ಮಿಷನರಿ ಜಾನ್ ಹ್ಯಾಂಡ್ಸ್ ಮತ್ತವರ ಸಂಗಡಿಗರು ಬಳ್ಳಾರಿಯಲ್ಲಿ ವರ್ಷಗಟ್ಟಲೆ ಕೂತು 1831ರ ಹೊತ್ತಿಗೆ ಪೂರ್ತಿ ಬೈಬಲನ್ನು ಕನ್ನಡಕ್ಕೆ ತಂದರು. ಅದನ್ನು ನಮ್ಮ ಮಕ್ಕಳು ಓದಲಾಗದೆ ಹೋದರೆ ನಷ್ಟ ದೊಡ್ಡದು. ಉದ್ದನೆಯ ಅಧ್ಯಾಯ ಕೊಟ್ಟು ತಡವರಿಸಿದಾಗ ತಿದ್ದುತ್ತಾ ಕೂರುವ ಬದಲು ಸಣ್ಣ ಕೀರ್ತನೆಗಳಿಂದ ಹತ್ತಿಸಿ. 117ನೆಯದರಲ್ಲಿ ಎರಡೇ ವಚನ. 131, 133, 134ರಲ್ಲಿ ಮೂರು ಮೂರು. 15 ಮತ್ತು 100ರಲ್ಲಿ ಐದು, 1 ಮತ್ತು 23ರಲ್ಲಿ ಆರು, 121ರಲ್ಲಿ ಎಂಟು. ಒಂದೇ ಕೀರ್ತನೆಯನ್ನು ವಾರವಿಡೀ ಓದಿಸಿದರೆ ಶನಿವಾರಕ್ಕೆ ಅಕ್ಷರವೂ ಕೂಡಿರುತ್ತದೆ, ಬಾಯಿಪಾಠವೂ ಆಗಿರುತ್ತದೆ. ಫೋನಿನಲ್ಲಿ ಓದುವುದು ತಪ್ಪೇನಲ್ಲ, ಆದರೆ ಓದುವ ಮಧ್ಯೆ ಮೆಸೇಜ್ ಬಂದರೆ ಕಣ್ಣು ಹೋಗಿಯೇ ಹೋಗುತ್ತದೆ. ಮನೆಗೊಂದು ದೊಡ್ಡಕ್ಷರದ ಪುಸ್ತಕ ಇಟ್ಟುಕೊಳ್ಳಿ. ಮಗ ಪುಣೆಯಲ್ಲೋ ದುಬೈನಲ್ಲೋ ಇದ್ದರೆ ವಾರಕ್ಕೊಮ್ಮೆ ಕರೆಯಲ್ಲೇ ಒಂದು ಕೀರ್ತನೆ ಓದಿ ಕರ್ತನ ಪ್ರಾರ್ಥನೆ ಹೇಳಿ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ; ಇಲ್ಲಿನ ರಾತ್ರಿ ಎಂಟಕ್ಕೆ ಅವನಿನ್ನೂ ಕೆಲಸ ಮುಗಿಸಿ ಬರುತ್ತಿರಬಹುದು, ಹೊತ್ತನ್ನು ಅವನೇ ಹೇಳಲಿ. ಕರಾವಳಿಯ ಕಥೋಲಿಕ ಮನೆಗಳಲ್ಲಿ ಸಂಜೆ ಮಣಿಸರ ಹಿಡಿದು ಮಾಡುವ ಜಪಸರದ ಪ್ರಾರ್ಥನೆಗೆ ಇಂಥದ್ದೇ ಸ್ಥಿರವಾದ ಹೊತ್ತಿದೆ, ಸುಮಾರು 20 ನಿಮಿಷ. ಅಷ್ಟು ಕಾಲ ಅದು ಉಳಿದು ಬಂದದ್ದರಲ್ಲಿ ಹೊತ್ತು ಬದಲಾಗದಿರುವುದರ ಪಾಲು ದೊಡ್ಡದು ಎಂದು ನಮಗನಿಸುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಪಾಯ ಅಗೆದಂತೆ. ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ಆ ಮನೆಯ ದುಡ್ಡು ಹೇಗೆ ಓಡಾಡುತ್ತದೆ ಎಂಬಲ್ಲಿ ವಿಶ್ವಾಸದ ನಿಜ ಗೊತ್ತಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ದೀಕ್ಷಾಸ್ನಾನ ಕೊಟ್ಟು ಸುಮ್ಮನಾಗಲಿಲ್ಲ. ಹೊಸ ವಿಶ್ವಾಸಿಗಳು ಕುಲದ ಕಸುಬನ್ನೂ ಆಸರೆಯನ್ನೂ ಕಳೆದುಕೊಂಡಾಗ ಅವರಿಗೆ ಕೆಲಸ ಬೇಕಾಯಿತು. ನೇಯ್ಗೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ವಿಶ್ವಾಸಕ್ಕೂ ಕೂಲಿಗೂ ಸಂಬಂಧವಿದೆ ಎಂಬುದು ಕನ್ನಡ ನಾಡಿನ ಸಭೆಗಳಿಗೆ ಹುಟ್ಟಿನಿಂದಲೇ ಗೊತ್ತಿರುವ ಸಂಗತಿ.

ಕಾಣಿಕೆಯ ರೀತಿ ಪೌಲನ ಪತ್ರಿಕೆಯಲ್ಲೇ ಸ್ಪಷ್ಟವಾಗಿದೆ (1 ಕೊರಿಂಥ 16:2): ವಾರದ ಮೊದಲನೆಯ ದಿನ, ಬಂದ ಸಂಪಾದನೆಗೆ ತಕ್ಕಂತೆ, ತೆಗೆದಿಡುವುದು. ಅಂದರೆ ಖರ್ಚಿನ ನಂತರ ಉಳಿದದ್ದರಲ್ಲಿ ಕೊಡುವುದಲ್ಲ. ತಿಂಗಳಿಗೆ 20,000 ಬರುವ ಮನೆಯಲ್ಲಿ ದಶಮಾಂಶವೆಂದರೆ 2,000, ನಾಲ್ಕು ಭಾನುವಾರಕ್ಕೆ ಐನೂರರಂತೆ ನಾಲ್ಕು ಲಕೋಟೆ. ಸಂಬಳ ಬಂದ ದಿನವೇ ಲಕೋಟೆಗೆ ಹಾಕಿಟ್ಟರೆ 25ನೇ ತಾರೀಖಿನ ಇಕ್ಕಟ್ಟಿನಲ್ಲಿ ಕೈ ಅಲ್ಲಿಗೆ ಹೋಗುವುದಿಲ್ಲ. ಆದರೆ ಸಾಲ ಮಾಡಿ ಕಾಣಿಕೆ ಕೊಡಬೇಡಿ. ಇದನ್ನು ನಾವು ಒತ್ತಿ ಹೇಳುತ್ತೇವೆ, ಏಕೆಂದರೆ ‘ಸಾವಿರ ಕೊಡಿ, ಹತ್ತು ಸಾವಿರ ಬರುತ್ತದೆ’ ಎಂದು ವೇದಿಕೆಯಿಂದ ಕೂಗುವವರು ಹೆಚ್ಚಾಗಿದ್ದಾರೆ. ಅದು ಸುವಾರ್ತೆಯಲ್ಲ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ದೇವರಿಗೆ ಮೀಸಲು’ ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಖಂಡಿಸಿದ್ದಾನೆ (ಮಾರ್ಕ 7:11-13). ಅಮ್ಮನ ಬಿಪಿ ಗುಳಿಗೆ ಕೊಳ್ಳುವ ದುಡ್ಡು ಕಾಣಿಕೆ ಪೆಟ್ಟಿಗೆಗೆ ಬೀಳಬಾರದು.

ಸಾಲದಲ್ಲಿರುವ ಮನೆ ಮೊದಲು ಕೈಸಾಲದ ಲೆಕ್ಕ ಕಾಗದದ ಮೇಲೆ ಬರೆಯಲಿ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ ಸಣ್ಣದಾಗಿ ಕೇಳಿಸುತ್ತದೆ; ವರ್ಷಕ್ಕೆ ಅದು ನೂರಕ್ಕೆ 36. 50,000 ಸಾಲಕ್ಕೆ ತಿಂಗಳಿಗೆ ಬಡ್ಡಿಯೇ 1,500. ಅಷ್ಟನ್ನೇ ಕಟ್ಟುತ್ತಾ ಹೋದರೆ ಹತ್ತು ವರ್ಷ ಕಳೆದರೂ ಅಸಲು ಹಾಗೇ ನಿಂತಿರುತ್ತದೆ. ಅದೇ 3,000 ಕಟ್ಟಿದರೆ 24ನೇ ಕಂತಿಗೆ ತೀರುತ್ತದೆ. ಆದರೆ ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಎಂದು ಮೊದಲೇ ಬರೆಸಿಕೊಂಡಿರಬೇಕು. ಬಾಯಿಮಾತಿನಲ್ಲಿ ಬಿಟ್ಟರೆ ಕೊನೆಯವರೆಗೂ ಮೂಲ ಸಾಲದ ಮೇಲೆಯೇ ಬಡ್ಡಿ ಎಳೆಯುತ್ತಾರೆ. ಹೀಗೆ ಸಿಕ್ಕಿಕೊಂಡ ಮನೆಗೆ ಸಭೆ ಕಾಣಿಕೆಯ ಒತ್ತಾಯ ಹೇರದೆ ಸಾಲ ಬದಲಿಸಲು ನೆರವಾಗಬೇಕು. ಕಡಿಮೆ ಬಡ್ಡಿಯ ಸೊಸೈಟಿ ಸಾಲಕ್ಕೆ ಜಾಮೀನು ನಿಲ್ಲುವ ಒಬ್ಬ ಹಿರಿಯ ಸಿಕ್ಕರೆ ಆ ಮನೆಗೆ ಹತ್ತು ಉಪವಾಸ ಪ್ರಾರ್ಥನೆಗಿಂತ ದೊಡ್ಡ ಆಸರೆ. ಬಡ್ಡಿಗೆ ಕೊಡುವ ಸ್ಥಾನದಲ್ಲಿರುವ ಕ್ರೈಸ್ತರು 15ನೇ ಕೀರ್ತನೆಯ ಐದು ವಚನಗಳನ್ನು ಒಮ್ಮೆ ಮೆಲ್ಲಗೆ ಓದಿಕೊಳ್ಳಲಿ. ದೇವರ ಗುಡಾರದಲ್ಲಿ ಇಳಿದುಕೊಳ್ಳುವವನು ಯಾರು ಎಂಬ ಪ್ರಶ್ನೆಗೆ ಅಲ್ಲಿರುವ ಉತ್ತರದಲ್ಲಿ ಹಾಡು, ಉಪವಾಸ ಏನೂ ಇಲ್ಲ. ಮನಸ್ಸಿನಿಂದ ಸತ್ಯ ನುಡಿಯುವುದು, ನಷ್ಟವಾದರೂ ಕೊಟ್ಟ ಮಾತು ಉಳಿಸಿಕೊಳ್ಳುವುದು, ಸಾಲಕ್ಕೆ ಬಡ್ಡಿ ಕೇಳದಿರುವುದು, ಲಂಚ ಮುಟ್ಟದಿರುವುದು ಇದೆ.

ದುಡ್ಡು ಕೊಡಲಾಗದವರಿಗೂ ದಾರಿಯಿದೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಿಂದ ಹಿಡಿ ಅಕ್ಕಿ ತೆಗೆದಿಡುತ್ತಾ ಬಂದಿದ್ದಾರೆ. ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ಬೇರೆ ಪಾತ್ರೆಗೆ. ಬಡವರಲ್ಲಿ ಬಡವರು ಆರಂಭಿಸಿದ ಈ ಕ್ರಮ ಆ ರಾಜ್ಯದ ಸಭಾ ಕಾರ್ಯಗಳಿಗೆ ಇವತ್ತಿಗೂ ಆಧಾರವಾಗಿದೆ. ನಮ್ಮಲ್ಲೂ ಕೆಲವು ಸಭೆಗಳಲ್ಲಿ ಇದು ನಡೆಯುತ್ತದೆ, ಇನ್ನಷ್ಟು ಕಡೆ ನಡೆಯಬಹುದು. ಹೆಂಗಸರ ಕೈಹಿಡಿಗೆ 40 ಗ್ರಾಂ ಎಂದಿಟ್ಟುಕೊಳ್ಳಿ. ದಿನಕ್ಕೆರಡು ಸಲ ತೆಗೆದರೆ ತಿಂಗಳಿಗೆ 2 ಕಿಲೋ 400 ಗ್ರಾಂ. 40 ಮನೆಗಳಿಂದ 96 ಕಿಲೋ ಬರುತ್ತದೆ. ಕೆಡುವುದು ಎಲ್ಲಿ ಎಂದರೆ, ಎರಡು ತಿಂಗಳು ಕೂಡಿಡಲು ಹೋದಾಗ ನುಸಿ ಬೀಳುತ್ತದೆ. ಒದ್ದೆ ಕೈಯಲ್ಲಿ ಹಾಕಿದರೆ ಮುಗ್ಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ, ತಳದಲ್ಲಿ ಒಣಗಿಸಿದ ಬೇವಿನೆಲೆ ಇರಲಿ, ಪ್ರತಿ ತಿಂಗಳ ಕೊನೆಯ ಭಾನುವಾರ ತಂದುಬಿಡಿ. ಸೋನಾ ಮಸೂರಿ, ಪಡಿತರದ ಅಕ್ಕಿ ಒಂದೇ ಚೀಲಕ್ಕೆ ಸುರಿದರೆ ಅನ್ನ ಒಂದೇ ಹದಕ್ಕೆ ಬೇಯುವುದಿಲ್ಲ, ಬೇರೆ ಬೇರೆ ಚೀಲ ಇಡಿ. ಪಡಿತರದ್ದನ್ನು ಸಭೆಯ ಬೆಳೆ ಹಬ್ಬದ ಹರಾಜಿನಲ್ಲಿ ಕೂಗಬಾರದು. ಮಾರದೆ, ಅಡುಗೆ ಮಾಡಿ ಬಡಿಸಿಬಿಡಿ. ಜೋಳದ ರೊಟ್ಟಿಯ ಮನೆಗಳು ಹಿಟ್ಟಿನ ಬದಲು ಕಾಳೇ ತೆಗೆದಿಡಲಿ, ಹಿಟ್ಟು ಬೇಗ ಕಹಿಯಾಗುತ್ತದೆ.

ಕೂಲಿಯ ವಿಷಯಕ್ಕೆ ಬಂದರೆ ಶಾಸ್ತ್ರದ ಮಾತು ಇನ್ನೂ ಖಾರ. ಕೂಲಿಯವನ ಕೂಲಿ ಮರುದಿನ ಬೆಳಗಿನ ತನಕ ನಿನ್ನಲ್ಲಿ ಉಳಿಯಬಾರದು ಎನ್ನುತ್ತದೆ ಯಾಜಕಕಾಂಡ (19:13). ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ ಎನ್ನುತ್ತಾನೆ ಯಾಕೋಬ (5:4). ಮನೆಗೆಲಸದವಳ ಪಗಾರ 1ನೇ ತಾರೀಖಿಗೆ ಕೈಗೆ ಸಿಗಲಿ. ಗೌಂಡಿ, ಹೊಲದಾಳುಗಳ ಬಟವಾಡೆ ಸಂತೆಯ ಹಿಂದಿನ ಸಂಜೆಯೇ ಆಗಲಿ. ಸಂತೆ ಮುಗಿದ ಮೇಲೆ ಕೊಟ್ಟರೆ ಅವರು ಆ ವಾರದ ಕಾಯಿಪಲ್ಯೆಯನ್ನು ಉದ್ರಿ ತಂದು ಹೆಚ್ಚು ತೆತ್ತಿರುತ್ತಾರೆ. ಚಿಲ್ಲರೆ ಇಲ್ಲ, ನಾಳೆ ಬಾ ಎನ್ನುವುದೇ ತಡೆಹಿಡಿಯುವ ಸಾಮಾನ್ಯ ರೀತಿ. ಬಟವಾಡೆಗೆ ಮುಂಚೆಯೇ ಚಿಲ್ಲರೆ ಮಾಡಿಸಿಟ್ಟುಕೊಂಡರೆ ಆ ಮಾತೇ ಬರುವುದಿಲ್ಲ. ಜ್ವರಕ್ಕೆ ಎರಡು ದಿನ ಬಾರದಿದ್ದಕ್ಕೆ ಪಗಾರ ಹಿಡಿಯುವ ಮನೆಯವರು, ತಮ್ಮ ಕಚೇರಿ ತಮ್ಮ ಅನಾರೋಗ್ಯ ರಜೆಗೆ ಸಂಬಳ ಹಿಡಿದರೆ ಏನನ್ನುತ್ತಾರೆ?

ವಿಶ್ರಾಂತಿಯ ದಿನದ ಆಜ್ಞೆಯಲ್ಲೂ ಇದೇ ಇದೆ. ನೀನು, ನಿನ್ನ ಮಗ, ಮಗಳು ಎಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ದಾಸ ದಾಸಿಯರು, ಎತ್ತು ಕತ್ತೆಗಳು, ಊರಲ್ಲಿರುವ ಪರದೇಶಿ ಎಲ್ಲರೂ ವಿಶ್ರಮಿಸಬೇಕೆಂದು ಧರ್ಮೋಪದೇಶಕಾಂಡ (5:14) ಎಣಿಸಿ ಹೇಳುತ್ತದೆ. ಮನೆಯವರೆಲ್ಲ ಆರಾಧನೆಗೆ ಹೋಗಿ, ಮಧ್ಯಾಹ್ನದ ನೆಂಟರಿಗೆ ಬಿರಿಯಾನಿ ಮಾಡಲು ಕೆಲಸದವಳನ್ನು ಬೆಳಿಗ್ಗೆ ಏಳಕ್ಕೇ ಕರೆಸಿಕೊಂಡಿದ್ದರೆ ಆ ಮನೆ ವಿಶ್ರಾಂತಿದಿನ ಆಚರಿಸಿದಂತಾಗಲಿಲ್ಲ. ಅವಳ ರಜೆ ಭಾನುವಾರವೇ ಆಗಬೇಕೆಂದಿಲ್ಲ, ಅವಳ ಹಬ್ಬ ಅವಳಿಗಿದೆ. ವಾರಕ್ಕೊಂದು ಪೂರ್ತಿ ದಿನ ಇರಬೇಕು, ಯಾವ ದಿನವೆಂದು ಅವಳೇ ಆರಿಸಿಕೊಳ್ಳಲಿ. ಭಾನುವಾರದ ಗಡಿಬಿಡಿ ಕಡಿಮೆಯಾಗಲು ಶನಿವಾರ ಸಂಜೆಯೇ ಇಸ್ತ್ರಿ, ಕಾಣಿಕೆಯ ಲಕೋಟೆ, ಇಡ್ಲಿ ಹಿಟ್ಟು ಮುಗಿಸಿಡಿ. ಅಮ್ಮ ಪ್ರತಿ ವಾರ ಮೊದಲ ಹಾಡು ಮುಗಿದ ಮೇಲೆ ದೇವಾಲಯಕ್ಕೆ ಬರುತ್ತಾಳೆಂದರೆ ಮನೆಯ ಉಳಿದವರು ಕೈ ಕಟ್ಟಿ ಕೂತಿದ್ದಾರೆಂದು ಅರ್ಥ.

ಅಂಗಡಿ ಇಟ್ಟಿರುವ ವಿಶ್ವಾಸಿಗಳಿಗೆ ತಕ್ಕಡಿಯೇ ಪರೀಕ್ಷೆ. ಮೋಸದ ತಕ್ಕಡಿ ಯೆಹೋವನಿಗೆ ಅಸಹ್ಯ ಎನ್ನುತ್ತದೆ ಜ್ಞಾನೋಕ್ತಿ (11:1). ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನುಮಾಪನ ಇಲಾಖೆಯ ಮುದ್ರೆ 12 ತಿಂಗಳಿಗೊಮ್ಮೆ ಆಗಬೇಕು, ತೂಕದ ಕಲ್ಲುಗಳಿಗೆ 24 ತಿಂಗಳಿಗೊಮ್ಮೆ. ಮುದ್ರೆಯಿದ್ದರೂ ವಾರಕ್ಕೊಮ್ಮೆ ಮುದ್ರೆಯ ಒಂದು ಕಿಲೋ ಕಲ್ಲಿಟ್ಟು ನೋಡಿ. ತಟ್ಟೆಯ ಕೆಳಗೆ ಸಕ್ಕರೆ, ಬೆಲ್ಲದ ಪುಡಿ ಸಿಕ್ಕಿಕೊಂಡರೂ, ಮೇಜು ಓರೆಯಾದರೂ ತೂಕ ತಪ್ಪುತ್ತದೆ. ಸಿಹಿತಿಂಡಿ ತೂಗುವಾಗ ಮೊದಲು ಖಾಲಿ ಡಬ್ಬಿ ಇಟ್ಟು ಸೊನ್ನೆಗೆ ತನ್ನಿ. ಡಬ್ಬಿ 60 ಗ್ರಾಂ ಇದ್ದು ಅದನ್ನೂ ಮೈಸೂರುಪಾಕಿನ ದರದಲ್ಲಿ ತೂಗಿದರೆ, ಕಿಲೋ 600 ರೂಪಾಯಿಯ ಮಾಲಿನಲ್ಲಿ ಪ್ರತಿ ಗಿರಾಕಿಯಿಂದ 36 ರೂಪಾಯಿ ಕದ್ದಂತಾಯಿತು. ಅಂಗಡಿಯ ಗೋಡೆಯಲ್ಲಿ ಶಿಲುಬೆ ತೂಗುಹಾಕಿದವರು ಇದರಲ್ಲಿ ಒಂದು ಗ್ರಾಂ ಕೂಡ ಬಿಟ್ಟುಕೊಡಬಾರದು.

ಇನ್ನು ಜಗಳ. ಬಹುತೇಕ ಸಭೆಗಳಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ ಇರುತ್ತದೆ. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರವೇ ಬಿಟ್ಟು ಹೋಗಿ ಮೊದಲು ಸಹೋದರನ ಸಂಗಡ ಒಂದಾಗು ಎಂಬ ಮಾತು (ಮತ್ತಾಯ 5:23-24) ಅದರ ಹಿಂದಿನ ವಾರಕ್ಕೆ ಕೆಲಸ ಕೊಡುತ್ತದೆ. ಹೊಲದ ಪಾಲಿಗೋ ಅಪ್ಪನ ಮನೆಗೋ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಒಂದೇ ರೊಟ್ಟಿ ತೆಗೆದುಕೊಳ್ಳುವುದು ಹೊಸದೇನಲ್ಲ. ಹೋಗುವವರು ತಾವೇ ಹೋಗಬೇಕು, ಹೆಂಡತಿಯ ಮೂಲಕ ಹೇಳಿ ಕಳಿಸಬಾರದು, ವಾಟ್ಸ್ಆ್ಯಪ್ ಗುಂಪಿನಲ್ಲಿ ಕೈಮುಗಿದ ಚಿತ್ರ ಹಾಕಿದರೆ ಸಾಲದು. ‘ನಾನು ಮಾಡಿದ್ದು ತಪ್ಪು, ಆದರೆ ನೀನೂ...’ ಎಂದು ಆರಂಭಿಸಿದರೆ ಬಂದ ಕೆಲಸ ಅಲ್ಲಿಗೇ ಕೆಟ್ಟಿತು. ‘ಆದರೆ’ ಬಿಟ್ಟು ಹೇಳಿ. ಮೊದಲು ಇಬ್ಬರೇ, ಆಗದಿದ್ದರೆ ಒಬ್ಬಿಬ್ಬರು ಸಾಕ್ಷಿಗಳು, ಆಮೇಲೆ ಸಭೆ: ಮತ್ತಾಯ 18:15-17ರ ಈ ಕ್ರಮವನ್ನು ತಿರುಗಿಸಿ ಮೊದಲೇ ಊರಿಗೆಲ್ಲ ಹೇಳಿದ ವ್ಯಾಜ್ಯ ಬೇಗ ಬಗೆಹರಿಯುವುದಿಲ್ಲ. ಕ್ಷಮಿಸಿದ ಮೇಲೂ ಆಸ್ತಿಯ ಕಾಗದವನ್ನು ಸರಿಯಾಗಿ ನೋಂದಾಯಿಸಿಕೊಳ್ಳಿ. ಬಾಯಿಮಾತಿನ ಪಾಲು ಮುಂದಿನ ತಲೆಮಾರಿಗೆ ಜಗಳವಾಗಿ ಉಳಿಯುತ್ತದೆ.

ಆದರೆ ಗಂಡನಿಂದ ಏಟು ತಿನ್ನುತ್ತಿರುವ ಹೆಂಗಸಿಗೆ ಈ ವಾಕ್ಯಗಳನ್ನು ತೋರಿಸಿ ‘ಕ್ಷಮಿಸಿ ಸಹಿಸಿಕೋ ಅಮ್ಮಾ, ಪ್ರಾರ್ಥನೆ ಮಾಡು’ ಎಂದು ವಾಪಸ್ ಕಳಿಸುವುದನ್ನು ಸಭಾ ಹಿರಿಯರು ನಿಲ್ಲಿಸಲೇಬೇಕು. ಅದು ಕ್ರಿಸ್ತನ ಹೆಸರಿನಲ್ಲಿ ನಡೆಯುವ ಕ್ರೌರ್ಯ. ಮೊದಲು ಅವಳೂ ಮಕ್ಕಳೂ ಸುರಕ್ಷಿತ ಜಾಗಕ್ಕೆ ಸೇರಬೇಕು. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098. ಕೌಟುಂಬಿಕ ಹಿಂಸೆಯಿಂದ ರಕ್ಷಿಸುವ 2005ರ ಕಾಯ್ದೆಯಡಿ, ಗಂಡ ಮತ್ತೆ ಹಿಂಸೆ ಮಾಡದಂತೆ ಆದೇಶವನ್ನೂ ಮನೆಯಲ್ಲಿ ವಾಸದ ಹಕ್ಕನ್ನೂ ಅವಳು ಕೋರ್ಟಿನಿಂದ ಪಡೆಯಬಹುದು. ಈ ನಂಬರುಗಳು ಸಭೆಯ ನೋಟಿಸ್ ಬೋರ್ಡಿನಲ್ಲೂ ಹೆಂಗಸರ ಶೌಚಾಲಯದ ಬಾಗಿಲ ಹಿಂದೆಯೂ ಅಂಟಿರಲಿ. ಎಲ್ಲರೆದುರು ಬರೆದುಕೊಳ್ಳಲಾಗದವರು ಅಲ್ಲಿ ಬರೆದುಕೊಳ್ಳುತ್ತಾರೆ.

ಕಾಯಿಲೆಯಲ್ಲಿ ಪ್ರಾರ್ಥನೆಯೂ ಔಷಧಿಯೂ ಜೊತೆಗೇ ನಡೆಯಬೇಕು. ಸ್ವಸ್ಥತೆಯ ಕೂಟದಿಂದ ಬಂದವರು ಸಕ್ಕರೆ ಕಾಯಿಲೆಯ, ಮೂರ್ಛೆರೋಗದ ಗುಳಿಗೆ ಬಿಟ್ಟು ಆಸ್ಪತ್ರೆ ಸೇರುವುದು ಈಗಲೂ ನಡೆಯುತ್ತಿದೆ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ತುಂಬಿಕೊಂಡಾಗ ‘ವಾಸಿಯಾಯಿತು, ಸಾಕ್ಷಿ ಹೇಳು’ ಎಂದು ಗುಳಿಗೆ ನಿಲ್ಲಿಸಿದರೆ ಉಳಿದ ರೋಗಾಣು ಔಷಧಿಗೆ ಬಗ್ಗದಂತಾಗಿ ಮತ್ತೆ ಏಳುತ್ತದೆ, ಮನೆಯವರಿಗೂ ಅಂಟುತ್ತದೆ. ಸುವಾರ್ತೆ ಬರೆದ ಲೂಕನನ್ನು ಪೌಲ ‘ಪ್ರಿಯ ವೈದ್ಯ’ ಎಂದು ಕರೆಯುತ್ತಾನೆ (ಕೊಲೊಸ್ಸೆ 4:14). ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ವೈದ್ಯಸೇವೆ, ವೆಲ್ಲೂರಿನಲ್ಲಿ 1900ರಲ್ಲಿ ಮಿಷನರಿ ವೈದ್ಯೆ ಐಡಾ ಸ್ಕಡರ್ ತೆರೆದ ಒಂದೇ ಮಂಚದ ದವಾಖಾನೆ, ಎರಡೂ ಹುಟ್ಟಿದ್ದು ಪ್ರಾರ್ಥಿಸುವವರಿಂದಲೇ. ಗುಳಿಗೆ ನಿಲ್ಲಿಸಲು ಹೇಳುವ ಹಕ್ಕು ಬರೆದುಕೊಟ್ಟ ಡಾಕ್ಟರಿಗೆ ಮಾತ್ರ ಇದೆ.

ಮದುವೆಯ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇವೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ (ಲೂಕ 14:28). ಸಾಲ ಮಾಡಿ ಆರುನೂರು ಮಂದಿಗೆ ಬಡಿಸುವ ಬದಲು ಆರಾಧನೆಯ ನಂತರ ದೇವಾಲಯದ ಅಂಗಳದಲ್ಲೇ ಚಹಾ, ಉಪ್ಪಿಟ್ಟು, ಕೇಕು ಕೊಟ್ಟು ಮುಗಿಸಿದ ಮದುವೆಯೂ ಪೂರ್ಣ ಮದುವೆಯೇ. ವರದಕ್ಷಿಣೆ 1961ರ ಕಾಯ್ದೆಯಂತೆ ಅಪರಾಧ. ಅದನ್ನು ‘ಹುಡುಗಿಗೆ ಆಶೀರ್ವಾದ’ ಎಂದು ಕರೆದರೂ ಅಪರಾಧವೇ. ವಿವಾಹ ಪ್ರಕಟಣೆಯನ್ನು ಮೂರು ಭಾನುವಾರ ಓದುವ ಸಭಾಪಾಲಕರು ಆ ಮೂರು ವಾರದೊಳಗೆ ಎರಡೂ ಮನೆಯವರನ್ನು ಕೂರಿಸಿಕೊಂಡು ಇದನ್ನು ನೇರವಾಗಿ ಕೇಳಿಬಿಡಬೇಕು.

ನೆರೆಹೊರೆಯವರಿಗೆ ನಮ್ಮ ವಿಶ್ವಾಸ ಧ್ವನಿವರ್ಧಕದಿಂದ ಗೊತ್ತಾಗಬಾರದು. ಬಾಗಿಲು ಮುಚ್ಚಿ ಪ್ರಾರ್ಥಿಸು ಎಂದವನ ಶಿಷ್ಯರು ನಾವು (ಮತ್ತಾಯ 6:6). ಹತ್ತು ಮಂದಿಯ ಮನೆಕೂಟಕ್ಕೆ ಮೈಕು ಬೇಡವೇ ಬೇಡ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕಾನೂನೂ ಬಿಡುವುದಿಲ್ಲ. ಬಂದವರ ಗಾಡಿಗಳು ಪಕ್ಕದ ಮನೆಯ ಗೇಟಿಗೆ ಅಡ್ಡ ನಿಲ್ಲದಂತೆ ಒಬ್ಬ ಹುಡುಗನನ್ನು ನಿಲ್ಲಿಸಿ. ಪಕ್ಕದ ಮನೆಯಲ್ಲಿ ಸಾವಾಗಿದ್ದರೆ ಆ ದಿನ ಕೂಟವನ್ನು ಮುಂದಕ್ಕೆ ಹಾಕಿ, ಅವರಿಗೆ ಊಟ ಮಾಡಿಕೊಂಡು ಹೋಗಿ. ಏನು ಉಣ್ಣುತ್ತಾರೆ, ಎಂಥ ಅಡುಗೆ ಸಲ್ಲುವುದಿಲ್ಲ ಎಂದು ಮೊದಲು ಕೇಳಿಕೊಳ್ಳಿ.

ಕೊನೆಯದಾಗಿ, ಮಕ್ಕಳು ದೂರದ ಊರು ಸೇರಿ ಒಬ್ಬರೇ ಉಳಿದಿರುವ ಹಿರಿಯರು. ಇಂಥವರಿಲ್ಲದ ಸಭೆ ಈಗ ಸಿಗುವುದು ಕಷ್ಟ. ಪಟ್ಟಿ ಮಾಡಿ, ವಾರಕ್ಕೊಮ್ಮೆ ಇಬ್ಬಿಬ್ಬರು ಹೋಗುವ ಸರದಿ ಹಾಕಿ; ಒಬ್ಬರು ಹಿರಿಯರು, ಒಬ್ಬರು ಭಾನುವಾರ ಶಾಲೆಯ ಮಗು. ಮುಂಚೆ ಫೋನ್ ಮಾಡಿ ಹೋಗಿ, ಅವರ ಮಧ್ಯಾಹ್ನದ ನಿದ್ದೆಯ ಹೊತ್ತು ತಪ್ಪಿಸಿ. ದೇವಾಲಯಕ್ಕೆ ಬರಲಾಗದವರಿಗೆ ಕರ್ತನ ಭೋಜನವನ್ನು ಮನೆಗೇ ತರುವಂತೆ ಸಭಾಪಾಲಕರಿಗೆ ತಿಳಿಸಿ. 71ನೇ ಕೀರ್ತನೆ ಮುದುಕರ ಬಾಯಿಂದಲೇ ಬಂದಂತಿದೆ, ಅದನ್ನು ಮಗು ಗಟ್ಟಿಯಾಗಿ ಓದಲಿ. ಓದಿದ ಮೇಲೆ ಎದ್ದು ಬಂದುಬಿಡಬೇಡಿ: ಗುಳಿಗೆ ಎಷ್ಟು ದಿನಕ್ಕೆ ಉಳಿದಿದೆ, ಗ್ಯಾಸ್ ಸಿಲಿಂಡರ್ ಯಾವಾಗ ಹಚ್ಚಿದ್ದು, ಬಚ್ಚಲಮನೆಯಲ್ಲಿ ಹಿಡಿದುಕೊಳ್ಳಲು ಸರಳು ಇದೆಯೇ, ಕರೆಂಟ್ ಬಿಲ್ ಕಟ್ಟಿದೆಯೇ ಎಂದು ನೋಡಿ. ಸರಳಿಲ್ಲದಿದ್ದರೆ ಮುಂದಿನ ವಾರ ಹೋಗುವಾಗ ಡ್ರಿಲ್ ಮಷೀನ್ ಇರುವ ಒಬ್ಬರನ್ನು ಕರೆದುಕೊಂಡು ಹೋಗಿ.

ಇತಿ,
ಭಾನುವಾರ ಶಾಲೆಯ ಶಿಕ್ಷಕರು ಮತ್ತು ಸಭಾ ಹಿರಿಯರು
ಧಾರವಾಡ